ವಾಲ್ವ್ ರೇಡಿಯೊ ರವಾನೆ: ತಾತ್ವಿಕ ನೆಲೆಗಳು ಮತ್ತು ಬಹುಮುಖಿ ಆಯಾಮಗಳು

ವಾಲ್ವ್ ರೇಡಿಯೊ ಹಾಗೂ ಪಾರ್ಸೆಲ್ ವ್ಯವಸ್ಥೆಯ ಮುಖಾಮುಖಿಯನ್ನು ಗುರುತ್ವಾಕರ್ಷಣೆಯ ನೆಲೆಯಲ್ಲಿ ಶೋಧಿಸುವುದು ಪ್ರಸ್ತುತ ಪ್ರಬಂಧದ ವಿನಮ್ರ ಆಶಯ.

ಚಾರಿತ್ರಿಕ ಹಿನ್ನೆಲೆ: 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರ ತೆರೆದು, ದನಿಯನ್ನು ಯಾವ ಡಬ್ಬಕ್ಕೂ ತುಂಬದೆ ಕಳಿಸಿದರು. ದನಿ ಕೇಳಿಸುವ ಪೆಟ್ಟಿಗೆಯನ್ನು ಕಳಿಸುವ ಬಗೆಗೆ ಪೂರ್ವಸೂರಿಗಳು ಮೌನ ತಾಳಿದ್ದಾರೆ.

ವ್ಯಾಪ್ತಿ: ಬೆಂಗಳೂರಿನಿಂದ ಧಾರವಾಡ. ಮಿತಿ: ನಡುವೆ ಏನಾಯಿತೆಂದು ಯಾರೂ ಬಾಯಿ ಬಿಡುವುದಿಲ್ಲ.

ಆಘಾತವು ಚತುರ್ವಿಧ.

ಒಂದು, ಅಂತರ್ಜನ್ಯ. ಡಬ್ಬ ಬಿದ್ದು ನಿಂತರೂ ಒಳಗಿನ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ನಿಲ್ಲಲೊಪ್ಪದು. ಅದನ್ನು ಹೊತ್ತ ಲೋಹದ ಚಾಸಿಯಡಿಯ ರಬ್ಬರ್ ವಾಷರುಗಳು ಎಂದೋ ಪುಡಿಯಾಗಿರುತ್ತವೆ. ಚಾಸಿ ಮುನ್ನುಗ್ಗಿ ಡಯಲ್ ಗಾಜಿಗೆ ಹಾಯುತ್ತದೆ.

ಎರಡು, ಊರ್ಧ್ವಜನ್ಯ. ನಿಮ್ಮ ಡಬ್ಬದ ಮೇಲೆ ಇನ್ನೊಬ್ಬರ ಗ್ರೈಂಡರ್.

ಮೂರು, ಸಾಂಕೇತಿಕ. 'ಗಾಜು ಇದೆ, ಜೋಪಾನ' ಎಂಬ ಕೆಂಪು ಚೀಟಿ ಶುದ್ಧ ಸಂಕಥನ. ಅದನ್ನು ಅಂಟಿಸುವವನಿಗೂ ಡಬ್ಬ ಎಸೆಯುವವನಿಗೂ ಅನುಸಂಧಾನ ನಡೆದ ದಾಖಲೆಯಿಲ್ಲ.

ನಾಲ್ಕನೆಯದು ಇರಲಿ ಬಿಡಿ. ಕೆಲಸಕ್ಕೆ ಬರುವುದನ್ನು ಹೇಳುತ್ತೇನೆ. ವಾಲ್ವ್‌ಗಳನ್ನು ಕಿತ್ತು, ಯಾವುದು ಯಾವ ಸಾಕೆಟ್ಟಿನದೆಂದು ಬರೆದು, ಬೇರೆ ಬೇರೆಯಾಗಿ ಸುತ್ತಿ. ಸ್ಟೇಷನ್ ಹಿಡಿಯುವ ಗ್ಯಾಂಗ್ ಕಂಡೆನ್ಸರಿನ ತಗಡುಗಳನ್ನು ಪೂರ್ತಿ ಒಳಕ್ಕೆ ತಿರುಗಿಸಿಡಿ; ಹೊರಗೆ ಚಾಚಿದ್ದರೆ ಬಾಗುತ್ತವೆ. ಚಾಸಿಯನ್ನು ಹೊರತೆಗೆದು ಬೇರೆ ಡಬ್ಬದಲ್ಲಿ ಕಳಿಸಿ. ಡಬ್ಬದೊಳಗೊಂದು ಡಬ್ಬ, ನಡುವೆ ಆರೂ ಕಡೆ ಕನಿಷ್ಠ 5 ಸೆಂ.ಮೀ. ಗಟ್ಟಿ ಫೋಮ್. ಥರ್ಮೋಕೋಲ್ ಕಾಳು ಸುರಿಯಬೇಡಿ. ಲಾರಿಯ ಕುಲುಕಾಟಕ್ಕೆ ಭಾರದ ರೇಡಿಯೊ ತಳಕ್ಕಿಳಿದು ಕಾಳೆಲ್ಲ ಮೇಲೇರುತ್ತದೆ. ಮುಚ್ಚಿ ಅಲ್ಲಾಡಿಸಿ, ಸದ್ದಾದರೆ ಬಿಚ್ಚಿ ಮತ್ತೆ ಕಟ್ಟಿ.

ಇಷ್ಟೂ ಮಾಡಿದ್ದೆ. ಡಬ್ಬದ ಒಂದು ಮೂಲೆ ಅಪ್ಪಚ್ಚಿಯಾಗಿ, ಬೇಕಲೈಟ್ ಕವಚ ಮೂರು ತುಂಡಾಗಿ ತಲುಪಿತು. ಸಾಗಿಸಿದವರ ಉತ್ತರ: 'ಸದರಿ ಹಾನಿಯು ವಸ್ತುವಿನ ಸ್ವಾಭಾವಿಕ ದೌರ್ಬಲ್ಯದಿಂದ ಸಂಭವಿಸಿದ್ದು, ಪರಿಹಾರಕ್ಕೆ ಅರ್ಹವಾಗಿರುವುದಿಲ್ಲ.' ಆಧಾರವಾಗಿ ರಸೀದಿಯ ಹಿಂಬದಿಯ ಸಾಸಿವೆಯಂಥ ಅಕ್ಷರಗಳು.

ದೌರ್ಬಲ್ಯ ಯಾರದು ಸ್ವಾಮಿ? ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷ ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದ ಕಾಲದ ಪೆಟ್ಟಿಗೆ ಅದು. ಕರೆಂಟಿನ ಏರಿಳಿತ, ಇಲಿ, ಮಳೆಗಾಲದ ತೇವ, ಸ್ಟೇಷನ್ನಿಗಾಗಿ ಮಕ್ಕಳು ಗುಬಟು ತಿರುವಿದ್ದು, ಎಲ್ಲವನ್ನೂ ತಾಳಿಕೊಂಡಿತ್ತು. ನಿಮ್ಮ ಕೈಗೆ ಸಿಕ್ಕ ಎರಡೇ ದಿನಕ್ಕೆ ದುರ್ಬಲವಾಯಿತೆ?

ಟ್ರಾನ್ಸ್‌ಫಾರ್ಮರನ್ನು ಮತ್ತೆ ಸುತ್ತಿಸಬಹುದು. ವಾಲ್ವು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಕ್ಕೀತು. ಬೇಕಲೈಟ್ ಮಾತ್ರ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಒಡೆದದ್ದನ್ನು ಕಾಯಿಸಿ ಹೊಸದು ಎರಕ ಹೊಯ್ಯಲಾಗದು. ಆ ಅಚ್ಚು, ಅಚ್ಚಿನ ಕಾರ್ಖಾನೆ, ಅಲ್ಲಿ ದುಡಿದವರು ಯಾರೂ ಇಲ್ಲ. ಪರಿಹಾರದ ಅರ್ಜಿಯಲ್ಲಿ ಇದನ್ನು ಬರೆಯಲು ಕಲಮೇ ಇಲ್ಲ.

ಉಪಸಂಹಾರ: ಭಾವೀ ಸಂಶೋಧಕರು ರೈಲಿನ ಟಿಕೆಟ್ ಕೊಂಡು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ತರತಕ್ಕದ್ದು. ತೊಡೆ ಜೋಮು ಹಿಡಿಯುತ್ತದೆ. ಹಿಡಿಯಲಿ.