ಬಾನೆಟ್ ಎತ್ತಿದರೆ ಬೀದಿಗೆಲ್ಲ ಹಬ್ಬ

ಹಳೇ ಕಾರು ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಬಾನೆಟ್ ಎತ್ತಿ, ಸೊಂಟಕ್ಕೆ ಕೈಕೊಟ್ಟು ನಿಂತರೆ ಸಾಕು. ಪೇಪರ್ ಮಡಿಚಿಟ್ಟು ನಿವೃತ್ತ ಮೇಷ್ಟ್ರು ಬರುತ್ತಾರೆ, ಹಾಲು ತರಲು ಹೊರಟವರು ಹಾಲು ಮರೆಯುತ್ತಾರೆ, ಜನ್ಮದಲ್ಲಿ ಸ್ಟೇರಿಂಗ್ ಮುಟ್ಟದವರು ಡಿಸ್ಟ್ರಿಬ್ಯೂಟರ್ ಕ್ಯಾಪ್ ಮುಟ್ಟಿ ನೋಡುತ್ತಾರೆ. "ಬ್ಯಾಟ್ರಿ ಹೋಗಿದೆ ಸಾರ್" ಎಂಬ ತೀರ್ಪು ಹೊರಬಿದ್ದಾಗ ಕೀ ಇನ್ನೂ ಜೇಬಿನಲ್ಲೇ ಇರುತ್ತದೆ.

ಪ್ರೀಮಿಯರ್ ಪದ್ಮಿನಿಯನ್ನೇ ತೆಗೆದುಕೊಳ್ಳಿ. 1089 ಸಿಸಿ ಎಂಜಿನ್, ಎಳೆಯುವ ಚೋಕ್, ಕಂಪ್ಯೂಟರಿನ ಸುಳಿವೇ ಇಲ್ಲ. ತನ್ನ ಕಾಯಿಲೆಯನ್ನು ಅದು ಬಾಯಿಬಿಟ್ಟು ಹೇಳುತ್ತದೆ. ಟಕ್ ಟಕ್ ಎಂದು ಸುಮ್ಮನಾಯಿತೋ, ಮೊದಲು ನೋಡಬೇಕಾದದ್ದು ಕರೆಂಟಿನ ಕಡೆ: ಬ್ಯಾಟರಿ ಇಳಿದಿರಬೇಕು, ಇಲ್ಲವೇ ಟರ್ಮಿನಲ್ ಮೇಲೆ ಕಿಲುಬು ಕೂತಿರಬೇಕು. ಸೆಲ್ಫ್ ಗರಗರನೆ ತಿರುಗಿಯೂ ಎಂಜಿನ್ ಹತ್ತಲಿಲ್ಲವೋ, ಬ್ಯಾಟರಿಯನ್ನು ಬಿಟ್ಟುಬಿಡಿ. ಪೆಟ್ರೋಲಾದರೂ ಬರುತ್ತಿಲ್ಲ, ಕಿಡಿಯಾದರೂ ಹಾರುತ್ತಿಲ್ಲ. ಇಷ್ಟು ತಿಳಿಯಲು ಕೀ ತಿರುಗಿಸಿದಾಗ ಒಂದು ಕ್ಷಣ ಎಲ್ಲರೂ ಬಾಯಿ ಮುಚ್ಚಿಕೊಂಡಿರಬೇಕು. ಅದೊಂದು ಬಿಟ್ಟು ಉಳಿದೆಲ್ಲ ಉಪಕಾರಕ್ಕೂ ನಮ್ಮ ಜನ ಸಿದ್ಧ.

ಅಷ್ಟರಲ್ಲಿ ಉತ್ಸಾಹಿಯೊಬ್ಬರು ಸೀಟಿಗೆ ಜಾರಿ ಆಕ್ಸಿಲರೇಟರನ್ನು ಹೊಲಿಗೆ ಮಿಷನ್ನಿನಂತೆ ತುಳಿಯುತ್ತಾರೆ. ಕಾರ್ಬುರೇಟರ್ ಓವರ್‌ಫ್ಲೋ ಆಗಿ ಪ್ಲಗ್ಗುಗಳು ಪೆಟ್ರೋಲಿನಲ್ಲಿ ಮೀಯುತ್ತವೆ. ಈಗ ತೊಂದರೆ ಎರಡು. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದೇ ಸೆಲ್ಫ್ ಹೊಡೆದರೆ ಆ ಹೆಚ್ಚಿನ ಪೆಟ್ರೋಲ್ ಹೊರಹೋಗುತ್ತದೆ ಎಂದು ಹೇಳಿ ನೋಡಿ: "ನಿಮಗೆ ಗೊತ್ತಾಗಲ್ಲ, ಬಿಡಿ." ನಿಮ್ಮದೇ ಕಾರು!

ಇನ್ನೊಬ್ಬರು ಎಥನಾಲ್ ವಾದಿ. ಪೆಟ್ರೋಲಿಗೆ ಶೇ. 20ರಷ್ಟು ಬೆರೆಸಿದ ಮೇಲೆಯೇ ದೇಶದ ಹಳೇ ಗಾಡಿಗಳೆಲ್ಲ ಕೆಟ್ಟವು ಎನ್ನುತ್ತಾರೆ. ಹಳೇ ರಬ್ಬರ್ ಪೈಪಿಗೆ ಎಥನಾಲ್ ಆಗಿಬರುವುದಿಲ್ಲ, ನಿಜ. ಆದರೆ ಟ್ಯಾಂಕಿನಲ್ಲಿ ಏನಾದರೂ ಇದೆಯೇ ಎಂದು ಇಣುಕುವುದು ಅವರ ಘನತೆಗೆ ಕಡಿಮೆ. ಗೇಜನ್ನು ಕೇಳುವಂತಿಲ್ಲ; ತುಂಬಿದಾಗಲೂ ಬರಿದಾದಾಗಲೂ ಅರ್ಧಕ್ಕೇ ನಿಂತಿರುವ ಸ್ಥಿತಪ್ರಜ್ಞ ಅದು.

ಗ್ಯಾರೇಜಿಗೆ ಹೋದರೆ ಗಲಾಟೆ ಇಲ್ಲ, ಶಿಸ್ತಿದೆ. ಬೆಲೆಯ ಶಿಸ್ತು. ಮೊದಲು ಹೊಸ ಬ್ಯಾಟರಿ, ಆಮೇಲೆ ಸೆಲ್ಫ್ ಮೋಟಾರ್, ಆಮೇಲೆ ಕಾಯಿಲ್. ಇನ್ನು ಬದಲಿಸಲು ಏನೂ ಉಳಿಯದಿದ್ದಾಗ ಹುಡುಗನೊಬ್ಬ ಕಾಂಟ್ಯಾಕ್ಟ್ ಪಾಯಿಂಟನ್ನು ಸ್ಯಾಂಡ್ ಪೇಪರಿನಿಂದ ಉಜ್ಜುತ್ತಾನೆ, ಕಾರು ಹೊರಡುತ್ತದೆ. ಬಿಲ್ಲಿನಲ್ಲಿ ಸ್ಯಾಂಡ್ ಪೇಪರ್ ಇರುವುದಿಲ್ಲ. ತೆಗೆದ ಹಳೇ ಬ್ಯಾಟರಿಯನ್ನು ಕೇಳಬೇಡಿ, ಅದು ಆಗಲೇ ಬೇರೆ ಯಾರದೋ ಕಾರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿರುತ್ತದೆ.

ಗ್ಯಾರೇಜು ಬೇಡವೆಂದರೆ ಕೊನೆಯ ದಾರಿ ತಳ್ಳುವುದು. "ಸ್ವಲ್ಪ ಕೈಹಾಕಿ" ಎಂದು ನೋಡಿ. ಒಬ್ಬರಿಗೆ ಸೊಂಟ ಹಿಡಿದಿದೆ, ಇನ್ನೊಬ್ಬರಿಗೆ ಅರ್ಜೆಂಟ್ ಫೋನ್, ಮತ್ತೊಬ್ಬರ ಪಂಚೆ ಈಗಷ್ಟೇ ಒಗೆದದ್ದು. ಕಾರಿನ ಹಿಂದೆ ಉಳಿಯುವವರು ನೀವು ಮತ್ತು ನಿಮ್ಮ ಮನೆಯವರು. ಫುಟ್‌ಪಾತಿನಿಂದ ಮಾತ್ರ ಒಕ್ಕೊರಲ ಕೂಗು: "ಸೆಕೆಂಡ್ ಗೇರು! ಸೆಕೆಂಡ್ ಗೇರಲ್ಲಿ ಕ್ಲಚ್ ಬಿಡಿ!"