ಡಿಸೆಂಬರಿನ ಕಂಬಳಿ, ಜನವರಿಯ ಕೂಲಿ

ಕ್ರಿಸ್‌ಮಸ್ ಸಹಾಯ ಹೊತ್ತು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಗೆ ಬರುವ ಬೆಂಗಳೂರಿನ ಸಭೆಗಳ ಅಣ್ಣಂದಿರೇ, ಅಕ್ಕಂದಿರೇ,

ಹೋದ ವರ್ಷ ಹನ್ನೊಂದಕ್ಕೆ ಬರುತ್ತೇವೆಂದ ವ್ಯಾನು ಮೂರಕ್ಕೆ ಬಂತು. ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಅಜ್ಜಿಯೊಬ್ಬರು ಅಂದಿನ ಕೂಲಿ ಬಿಟ್ಟು ಕಾದಿದ್ದರು. ಸಿಕ್ಕಿದ್ದು ಒಂದು ಕಂಬಳಿ, ಐದು ಕಿಲೋ ಅಕ್ಕಿ. ಅನ್ನಭಾಗ್ಯದ ಅಕ್ಕಿ ಮನೆಯಲ್ಲೇ ಇತ್ತು. ಮೇಲಾಗಿ ಇದು ರಾಗಿ ಮುದ್ದೆ ಉಣ್ಣುವ ಸೀಮೆ. ಫೋಟೊಗೆ ನಿಲ್ಲಿಸಿದಾಗ ಆಕೆ ಬಿರುಕುಬಿಟ್ಟ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಅಜ್ಜಿಯನ್ನು ವ್ಯಾನಿನ ಬಳಿಗೆ ಕರೆದೊಯ್ದವಳು ನಾನು. ಅದಕ್ಕೇ ಈ ಪತ್ರ.

ಇಲ್ಲಿನ ಬಡತನ ಡಿಸೆಂಬರಿನಲ್ಲಿ ಹುಟ್ಟಿ ಡಿಸೆಂಬರಿನಲ್ಲಿ ಮುಗಿಯುವುದಲ್ಲ. 2023ರಲ್ಲಿ ಉಂಡೆ ಕೊಬ್ಬರಿ ದರ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗಿಳಿದು ರೈತರು ಬೀದಿಗೆ ಬಂದರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ತೋಟದವರು ದರ ಬರುವವರೆಗೆ ಕಾಯಿಯನ್ನು ಅಟ್ಟದಲ್ಲಿ ಇಟ್ಟುಕೊಳ್ಳಬಹುದು. ಅಜ್ಜಿ ತಮ್ಮ ದುಡಿಮೆಯನ್ನು ಯಾವ ಅಟ್ಟದಲ್ಲಿಡಬೇಕು? ಕೈಗೆ ಕೆಲಸವಿಲ್ಲದ ವಾರ ಅವರು ಸಾಲ ಮಾಡುತ್ತಾರೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ಎಷ್ಟು ಮಿತಿಮೀರಿತ್ತೆಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ದಾನಕ್ಕಿಂತ ದುಡಿಮೆ ಮಿಗಿಲೆಂಬುದಕ್ಕೆ ನಮ್ಮ ಅಟ್ಟಗಳ ಮೇಲಿನ ಮಂಗಳೂರು ಹೆಂಚನ್ನೇ ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಮಾತು ಕೇಳಿ ಕ್ರೈಸ್ತರಾದವರಲ್ಲಿ ಎಷ್ಟೋ ಜನ ಮನೆ, ಕುಲ, ಕಸುಬು ಮೂರನ್ನೂ ಕಳೆದುಕೊಂಡರು. ಅಂಥವರನ್ನು ದಾನದ ಮೇಲೆ ಎಷ್ಟು ದಿನ ಸಾಕುವುದು? ಮಿಷನ್ನು ಮಗ್ಗ ಹಾಕಿಸಿತು, ಅಚ್ಚುಕೂಟ ತೆರೆಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿತು. ಕೆಲಸ ಕೊಟ್ಟದ್ದು ದೊಡ್ಡದು. ಆದರೆ ಪ್ರಾರ್ಥನೆ, ಮನೆ, ಸಂಬಳ ಎಲ್ಲವೂ ಒಂದೇ ಕೈಯಲ್ಲಿದ್ದರೆ ಕೂಲಿಯವನು ಎದುರು ಮಾತಾಡುವುದು ಹೇಗೆ? ಆ ತಪ್ಪು ನಮ್ಮಿಂದ ಮತ್ತೆ ಆಗಬಾರದು. ಸಹಾಯಕ್ಕೂ ಸಭೆಗೆ ಬರುವುದಕ್ಕೂ ಗಂಟು ಹಾಕಬೇಡಿ.

ಮರ ಹತ್ತಿ ಕಾಯಿ ಕೆಡವುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಇದೆ. ಕಂತಿನ ಬಹುಪಾಲನ್ನು ಮಂಡಳಿಯೇ ಕಟ್ಟುತ್ತದೆ. ಅರ್ಜಿ ತುಂಬಿಕೊಡುವವರಿಲ್ಲ, ಅಷ್ಟೆ. ನಿಮ್ಮ ಯುವಜನರು ಒಂದು ಶನಿವಾರ ಬಂದು ಆ ಕೆಲಸ ಮಾಡಿದರೆ ನೂರು ಕಂಬಳಿಗಿಂತ ಮಿಗಿಲು. ಬಿದ್ದು ಸೊಂಟ ಮುರಿದುಕೊಂಡವನ ಮನೆ ಹೇಗೆ ಕುಸಿಯುತ್ತದೆಂದು ನಾನು ಕಂಡಿದ್ದೇನೆ.

ಇನ್ನು ನಿಮ್ಮಲ್ಲೇ ಕೆಲವರಿಗೆ ಈ ಕಡೆ ತೋಟವಿದೆ. ರೂತಳು ಬೋವಜನ ಹೊಲದಲ್ಲಿ ಹಕ್ಕಲು ಆಯ್ದದ್ದನ್ನು ಭಾನುವಾರ ಓದುತ್ತೇವೆ. ಕೊಯ್ಯುವವರು ಬೇಕೆಂದೇ ತೆನೆ ಬಿಟ್ಟುಹೋಗುವಂತೆ ಅವನು ಹೇಳಿದ್ದ. ಅವಳು ದುಡಿದೇ ಒಯ್ದಳು. ಸೋಮವಾರ ಕಾಯಿ ಸುಲಿಯುವವನ ಕೂಲಿಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ. ದರ ಏರಿದ ವರ್ಷ ಅವನ ಕೂಲಿಯನ್ನೂ ಏರಿಸಿ.

ಈ ಸಲ ವ್ಯಾನು ಬೇಡ. ಇಬ್ಬರೇ ಬನ್ನಿ, ಸಂಜೆ ಆರರ ಮೇಲೆ, ಅಷ್ಟೊತ್ತಿಗೆ ಕೂಲಿಯವರು ಕೆಲಸ ಮುಗಿಸಿ ಬಂದಿರುತ್ತಾರೆ. ಅಜ್ಜಿಯನ್ನು ಕೇಳಿದೆ, ಬರಲಿ ಎಂದಿದ್ದಾರೆ. ಸಾಲದ ಪುಸ್ತಕವನ್ನು ಓದಿ ಹೇಳುವವರು ಯಾರಾದರೂ ಇದ್ದರೆ ಕರೆದುಕೊಂಡು ಬಾ ಎಂದೂ ಹೇಳಿದ್ದಾರೆ.

ನಿಮ್ಮ ಸಹೋದರಿ,
ತಿಪಟೂರು