ಬ್ರಿಸ್ಟಲ್ಲಿನ ದವಡೆಹಲ್ಲೊಂದರ ಬಹಿರಂಗ ಅರ್ಜಿ

ಲಂಡನ್ನಿನ ಆರೋಗ್ಯ ಇಲಾಖೆಯ ಮಾನ್ಯ ಸಚಿವರಿಗೆ,

ವಿಷಯ: ಅರ್ಜಿದಾರ ಹಲ್ಲು ಸದ್ಯ ಯಾವ ಕಚೇರಿಯ ಸುಪರ್ದಿನಲ್ಲಿದೆ ಎಂದು ತಿಳಿಸಿಕೊಡುವ ಬಗ್ಗೆ.

ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್ ಬಡಾವಣೆಯ ನಿವಾಸಿ, ಕೆಳದವಡೆಯ ಎಡಬದಿಯ ಹಲ್ಲು ಸನ್ನಿಧಾನಕ್ಕೆ ಅರಿಕೆ ಮಾಡಿಕೊಳ್ಳುವುದೇನೆಂದರೆ: 2013ರ ತನಕ ಅದರ ಯೋಗಕ್ಷೇಮ ಪ್ರೈಮರಿ ಕೇರ್ ಟ್ರಸ್ಟ್ ಎಂಬ ಸ್ಥಳೀಯ ಆರೋಗ್ಯ ಸಂಸ್ಥೆಯ ಹೆಗಲ ಮೇಲಿತ್ತು. ಆ ವರ್ಷ ಏಪ್ರಿಲ್ 1ಕ್ಕೆ ಟ್ರಸ್ಟುಗಳ ಬಾಗಿಲು ಹಾಕಿ, ಎನ್‌ಎಚ್‌ಎಸ್ ಇಂಗ್ಲೆಂಡ್ ಎಂಬ ಸಂಸ್ಥೆಗೆ ಅಧಿಕಾರ ಕೊಟ್ಟರು. ಈ ಬದಲಾವಣೆ ಬಾಹ್ಯಾಕಾಶದಿಂದಲೂ ಕಾಣುವಷ್ಟು ದೊಡ್ಡದು ಎಂದು ಆರೋಗ್ಯ ಸೇವೆಯ ಅಂದಿನ ಮುಖ್ಯಸ್ಥ ಡೇವಿಡ್ ನಿಕಲ್ಸನ್ ಅವರೇ ಹೇಳಿದ್ದರು. ಹಲ್ಲಿರುವುದು ಬಾಯೊಳಗೆ, ಅದಕ್ಕೇನೂ ಕಾಣಲಿಲ್ಲ.

ಈ ಬದಲಾವಣೆಯಲ್ಲಿ ಕೆಲಸ ಹೋಗಿ, ಪರಿಹಾರದ ಹಣ ಪಡೆದು ಮನೆಗೆ ಹೋದ ಸಾವಿರಾರು ನೌಕರರು ಮುಂದೆ ಅದೇ ಆರೋಗ್ಯ ಸೇವೆಗೆ ಮರಳಿ ಬಂದರು. ಅವರ ಮೇಲೆ ಅರ್ಜಿದಾರ ಹಲ್ಲಿಗೆ ಹೊಟ್ಟೆಕಿಚ್ಚಿಲ್ಲ. ಕಿತ್ತ ಹಲ್ಲನ್ನು ಹಾಗೆ ಯಾರೂ ಕರೆದು ಕೂರಿಸುವುದಿಲ್ಲ ಎಂಬುದಷ್ಟೇ ಕೊರಗು.

2022ರಲ್ಲಿ ಹೊಸ ಕಾಯ್ದೆ ಬಂತು, ಆಯಾ ಪ್ರದೇಶದ ಆರೋಗ್ಯ ಸೇವೆ ನೋಡಿಕೊಳ್ಳಲು ಇಂಗ್ಲೆಂಡಿಗೆ 42 ಇಂಟಿಗ್ರೇಟೆಡ್ ಕೇರ್ ಬೋರ್ಡುಗಳಾದವು. ಔಷಧದಂಗಡಿ, ಕಣ್ಣು, ಹಲ್ಲು, ಮೂರರ ಉಸ್ತುವಾರಿಯೂ 2023ರ ಹೊತ್ತಿಗೆ ಎಲ್ಲ ಬೋರ್ಡುಗಳಿಗೆ ವಹಿಸಿದ್ದಾಯಿತು. ಅದೂ ಏಪ್ರಿಲ್ 1ಕ್ಕೇ. ಹಣಕಾಸು ವರ್ಷ ಶುರುವಾಗುವ ದಿನ ಎಂದು ಇಲಾಖೆ ಸಮಜಾಯಿಷಿ ಕೊಡಬಹುದು, ಹಲ್ಲು ನಂಬುತ್ತದೆ.

ಆದರೆ ವಹಿಸಿದ್ದು ಏನನ್ನು? ದಂತವೈದ್ಯರ ಜೊತೆಗಿನ ಕರಾರಿನ ಮೂಲ ಷರತ್ತು ಬರೆಯುವುದು ಇಂದಿಗೂ ಲಂಡನ್ನಿನಲ್ಲೇ. ಯಾವ ವೈದ್ಯರು ಸರ್ಕಾರಿ ಸೇವೆ ಕೊಡಬಹುದೆಂಬ ಪಟ್ಟಿಯನ್ನು ಎನ್‌ಎಚ್‌ಎಸ್ ಇಂಗ್ಲೆಂಡ್ ತನ್ನ ಬಳಿಯೇ ಇಟ್ಟುಕೊಂಡಿತು. ಬೋರ್ಡಿಗೆ ಬಂದದ್ದು ಬಜೆಟ್ಟು, ವೈದ್ಯರ ಕೊರತೆ ಮತ್ತು ಜನರ ಬೈಗುಳ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕೇಳಿದ್ದೇವೆ. ಇಲ್ಲಿ ಪೂಜಾರಿ ಕೊಡಲು ಸಿದ್ಧ, ಗರ್ಭಗುಡಿಯ ಬೀಗದ ಕೈ ಬೇರೆಯವರ ಸೊಂಟದಲ್ಲಿದೆ.

2006ರ ಆ ಕರಾರನ್ನೇ ನೋಡಿ. ಒಂದು ಹಲ್ಲಿನ ಹುಳುಕು ತುಂಬಿದರೂ ವೈದ್ಯರಿಗೆ ಸಂದಾಯದ ಲೆಕ್ಕದಲ್ಲಿ 3 ಯೂನಿಟ್, ಆರು ತುಂಬಿದರೂ 3 ಯೂನಿಟ್. ಹದಿನಾರು ವರ್ಷದ ಮೇಲೆ, 2022ರಲ್ಲಿ, ಮೂರು ಅಥವಾ ಹೆಚ್ಚು ಹಲ್ಲಿಗೆ 5 ಯೂನಿಟ್ ಎಂದು ತಿದ್ದಿದರು. ಅಷ್ಟರಲ್ಲಿ ಎಷ್ಟೋ ವೈದ್ಯರು ಖಾಸಗಿ ರೋಗಿಗಳತ್ತ ಮುಖ ಮಾಡಿದ್ದರು. ಸೇಂಟ್ ಪಾಲ್ಸ್‌ನಲ್ಲಿ ಇದ್ದ ಕ್ಲಿನಿಕ್ಕೂ ಮುಚ್ಚಿತು. 2024ರ ಫೆಬ್ರುವರಿಯಲ್ಲಿ ಹೊಸದೊಂದು ತೆರೆದಾಗ ಹೆಸರು ಬರೆಸಲು ನೂರಾರು ಜನ ರಸ್ತೆಯುದ್ದಕ್ಕೂ ಸಾಲುಗಟ್ಟಿದರು, ನಿಭಾಯಿಸಲು ಪೊಲೀಸರು ಬರಬೇಕಾಯಿತು. ಪೊಲೀಸರಿಗೂ ಈ ಕೆಲಸವನ್ನು ಲಿಖಿತವಾಗಿ ವಹಿಸಲಾಗಿತ್ತೇ ಎಂಬುದನ್ನು ಇಲಾಖೆಯೇ ಹೇಳಬೇಕು.

ಇಷ್ಟಾದ ಮೇಲೆ 2025ರ ಮಾರ್ಚ್ 13ರಂದು ಪ್ರಧಾನಿ ಕೀರ್ ಸ್ಟಾರ್ಮರ್ ಎನ್‌ಎಚ್‌ಎಸ್ ಇಂಗ್ಲೆಂಡನ್ನೇ ರದ್ದು ಮಾಡಿ ಇಲಾಖೆಯೊಳಗೆ ಸೇರಿಸುವುದಾಗಿ ಘೋಷಿಸಿದರು. ಬೋರ್ಡುಗಳಿಗೂ ಆಡಳಿತ ವೆಚ್ಚವನ್ನು ಅರ್ಧದಷ್ಟು ಇಳಿಸಲು ಸೂಚನೆ ಹೋಯಿತು. ಕೆಲಸ ವಹಿಸಿದವರು ಹೊರಡಲಿದ್ದಾರೆ, ವಹಿಸಿಕೊಂಡವರು ಅರ್ಧವಾಗಲಿದ್ದಾರೆ. ನೋವು ಮಾತ್ರ ಪೂರ್ತಿ ಇದೆ.

ಆದ್ದರಿಂದ ಅರ್ಜಿದಾರ ಹಲ್ಲನ್ನು ತುಂಬಿಸಲೋ ಕೀಳಿಸಲೋ ಯಾವ ಕಚೇರಿಯ ಸಹಿ ಬೇಕೆಂದು ತಿಳಿಸಬೇಕಾಗಿ ವಿನಂತಿ. ದಿನಾಂಕ ಏಪ್ರಿಲ್ 1 ಬಿಟ್ಟು ಯಾವುದಾದರೂ ಆದೀತು.

ಅಡಕ: ಎಕ್ಸ್‌ರೇ ಪ್ರತಿ ಒಂದು. ತೆಗೆಸಿದ್ದು ಖಾಸಗಿ ಕ್ಲಿನಿಕ್ಕಿನಲ್ಲಿ, ಕೈಯಿಂದ ದುಡ್ಡು ಕೊಟ್ಟು.